ಎಲೆಯ ತಲೆಗಿಟ್ಟ ಕೆಲಸದ ಕಾಗದ

ನನ್ನ ಮೊಮ್ಮಗಳು ಶ್ರುತಿಗೆ ಬಹರೈನಿನ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತು. ಅವಳ ಅಮ್ಮ ಇಷ್ಟು ವರ್ಷ ಕಲಿಸಿದ ಅದೇ ಸ್ಕೂಲು. ನಿನ್ನೆ ಫೋನಿನಲ್ಲಿ ಸುದ್ದಿ ಬಂದಾಗಿನಿಂದ ನನ್ನ ಬಾಯಿ ನಿಂತಿಲ್ಲ. ಹಾಲಿನವನಿಗೂ ಹೇಳಿದೆ, ಮೀಟರ್ ಓದಲು ಬಂದವನಿಗೂ ಹೇಳಿದೆ, ಈಗ ನಿಮಗೂ ಹೇಳುತ್ತಿದ್ದೇನೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಮಗಳೂ ಅವಳ ಮಗಳೂ ದೇಶದೇಶದ ಮಕ್ಕಳಿಗೆ ಪಾಠ ಹೇಳುತ್ತಾರೆಂದರೆ ಈ ಸಂತೋಷವನ್ನು ಎಲ್ಲಿಡಲಿ. ಇದೇ ಸಂತೋಷದಲ್ಲಿ, ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಸಂಗತಿಯನ್ನೂ ಬರೆದುಬಿಡುತ್ತೇನೆ.

ಸತ್ತವರು ಬಂದು ಉಣ್ಣುತ್ತಾರೆಂದು ನಾನು ನಂಬಿದವಳಲ್ಲ. ನಮ್ಮ ಕಡೆ ತೀರಿಹೋದವರಿಗೆ ವರ್ಷಕ್ಕೊಮ್ಮೆ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಹಾಕಿ, ಬಾಗಿಲು ಎಳೆದು, ಮನೆಯವರೆಲ್ಲ ಹೊರಗೆ ನಿಲ್ಲುವುದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ, ಎಲೆಯಲ್ಲಿ ಒಂದು ಅಗುಳು ಕಡಿಮೆಯಾದದ್ದು ಕಂಡಿಲ್ಲ. ಇರುವೆ ಬಂದದ್ದು ಕಂಡಿದ್ದೇನೆ.

ತೊಂಬತ್ತರ ದಶಕದ ಮಾತು. ಅಳಿಯ ವಿಶ್ವನಾಥ ಬಹರೈನಿನಲ್ಲಿ, ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿದ್ದ. ಅಲ್ಲೇ ಗುದೈಬಿಯಾ ಎಂಬಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟು, ಒಂದೇ ಬೆಡ್‌ರೂಮು. ಮಗಳು ಸುಮತಿ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ರಜೆ ಹಾಕಿ, ನಾಲ್ಕು ವರ್ಷದ ಶ್ರುತಿಯನ್ನೂ ನನ್ನನ್ನೂ ಕರೆದುಕೊಂಡು ವಿಸಿಟ್ ವೀಸಾದಲ್ಲಿ ಬಂದಿದ್ದಳು. ಬುದಯ್ಯ ಎಂಬ ಊರಿನ ರಸ್ತೆಯಲ್ಲಿದ್ದ ಆ ಸ್ಕೂಲಿಗೆ ಸುಮ್ಮನೆ ಒಂದು ಅರ್ಜಿ ಕೊಟ್ಟದ್ದು, ಅವರು ಕರೆದು ಮಾತಾಡಿಸಿ ಕೆಲಸದ ಕಾಗದವನ್ನೇ ಕೈಗಿಟ್ಟರು. ಶನಿವಾರ ಬೆಳಿಗ್ಗೆ ಸಹಿ ಹಾಕಿ ತಲುಪಿಸಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ.

ಊರಿನ ಕೆಲಸ ಪರ್ಮನೆಂಟು, ಬಿಟ್ಟರೆ ಮತ್ತೆ ಸಿಗುವುದಿಲ್ಲ. ಇಲ್ಲಿ ಎರಡು ವರ್ಷದ ಕರಾರು ಮಾತ್ರ. ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು ಇಂಗ್ಲಿಷರ ಮಕ್ಕಳಿಗೇ ಇಂಗ್ಲಿಷ್ ಕಲಿಸುವುದು ಹೇಗೆ ಎಂಬ ಹೆದರಿಕೆ ಬೇರೆ. ಆಗ ಆ ರಸ್ತೆಯಲ್ಲಿ ಸರ್ಕಾರದ ವಿರುದ್ಧ ಗಲಾಟೆಯೂ ಇತ್ತು, ಕೆಲವು ದಿನ ಟೈರು ಸುಟ್ಟ ಹೊಗೆ ದೂರದಿಂದಲೇ ಕಾಣುತ್ತಿತ್ತು. ಹೋಗುವುದೋ ಬಿಡುವುದೋ ಎಂದು ಮೂರು ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಶುಕ್ರವಾರ ನನ್ನ ಯಜಮಾನರಿಗೆ ಬಡಿಸುವ ದಿನ ಬಂತು. ಅವರ ಬಗ್ಗೆ ಮುಚ್ಚಿಟ್ಟು ಏನಾಗಬೇಕು. ಕೈ ಎತ್ತದೆ ಮಾತಾಡಿದವರಲ್ಲ. ಸುಮತಿ ಟೀಚರ್ ಟ್ರೈನಿಂಗಿನ ಫಾರ್ಮು ತುಂಬಿಸುತ್ತಿದ್ದಾಗ ಬರೆಯುವ ಕೈಗೇ ಒನಕೆಯಿಂದ ಹೊಡೆದರು. ಎರಡು ಬೆರಳು ಮುರಿದವು. ಪುಸ್ತಕಗಳು ಬಚ್ಚಲ ಒಲೆಗೆ ಹೋದವು. ಅವಳು ನನ್ನ ಅಣ್ಣನ ಮನೆಯಲ್ಲಿದ್ದು ಓದು ಮುಗಿಸಿದಳು, ಅವರು ಸಾಯುವವರೆಗೆ ಅವರೊಡನೆ ಒಂದು ಮಾತೂ ಆಡಲಿಲ್ಲ.

ಇಂಥವರಿಗೆ ಪರದೇಶದ ಬಾಡಿಗೆ ಮನೆಯಲ್ಲಿ ಬಡಿಸಲೇಬಾರದಿತ್ತೇನೋ. ಆದರೂ ಬೆಡ್‌ರೂಮಿನ ನೆಲ ಒರೆಸಿ, ಎಲೆ ಹಾಕಿ, ಕೋಳಿ ಸುಕ್ಕ, ಬಂಗುಡೆ ಸಾರು, ನೀರುದೋಸೆ ಬಡಿಸಿದೆ. ಕಳ್ಳು ಇಡಬೇಕಿತ್ತು. “ಮಾವನಿಗೆ ಇವತ್ತು ಸೋಡಾ ಸಾಕು ಅತ್ತೆ, ಕುಡಿದು ಇಲ್ಲಿಯೂ ರಂಪ ಮಾಡುದು ಬೇಡ” ಎಂದು ವಿಶ್ವನಾಥ ಒಂದು ಗ್ಲಾಸು ಸೋಡಾ ಇಟ್ಟ. ಎಲ್ಲರೂ ಹೊರಗೆ ಹೋದ ಮೇಲೆ ನಾನೊಂದು ಕೆಲಸ ಮಾಡಿದೆ. ಕಪಾಟಿನಿಂದ ಆ ಕಾಗದ ತೆಗೆದು ಎಲೆಯ ತಲೆಯ ಕಡೆ ಇಟ್ಟೆ. ಬದುಕಿದ್ದಾಗ ತಡೆದಿರಿ, ಈಗಲಾದರೂ ಹೋಗು ಅನ್ನಿ ಎಂದು ಬಾಯಿಬಿಟ್ಟು ಕೇಳಿದೆ. ಬಾಗಿಲು ಎಳೆದು ಹಾಲಿಗೆ ಬಂದೆ.

ಐದು ನಿಮಿಷ ಆಗಿರಬಹುದು. ಮಧ್ಯಾಹ್ನದ ನಮಾಜಿನ ಧ್ವನಿ ಹೊರಗಿನಿಂದ ಕೇಳುತ್ತಿತ್ತು. ಒಳಗೆ ಗಾಜು ಒಡೆಯಿತು. ಆಮೇಲೆ ಕಬ್ಬಿಣದ ಕಪಾಟಿಗೆ ಗುದ್ದಿದ ಸದ್ದು, ಒಂದು, ಇನ್ನೊಂದು, ಒಂದರ ಮೇಲೊಂದು. ಆ ಗುದ್ದು ನನಗೆ ಗೊತ್ತು, ಸಂಸಾರದ ಉದ್ದಕ್ಕೂ ಕೇಳಿದ ಕಿವಿ ಇದು. ಮಂಚ ಗೋಡೆಗೆ ಬಡಿಯಿತು. ಬಾಗಿಲು ಒಳಗಿನಿಂದ ಅದುರತೊಡಗಿತು. ಶ್ರುತಿ ಕಿರುಚುತ್ತ ನನ್ನ ಸೀರೆಯೊಳಗೆ ಹೊಕ್ಕಳು. ವಿಶ್ವನಾಥ ಹೆಗಲು ಕೊಟ್ಟು ದೂಡಿದ, ತೆರೆಯಲಿಲ್ಲ. ಒಳಗಿನಿಂದ ಚಿಲಕ ಬಿದ್ದಿತ್ತು.

ಮೇಲಿನ ಮಾಳಿಗೆಯ ಬಾಬು ಸದ್ದು ಕೇಳಿ ಸುತ್ತಿಗೆ ಹಿಡಿದುಕೊಂಡೇ ಇಳಿದು ಬಂದ. ನಮ್ಮ ಕಡೆಯವನೇ, ಬಡಗಿ. “ಕಳ್ಳ ಹೊಕ್ಕಿದ್ದಾನಾ ಅಮ್ಮ?” ಎಂದ. ನಾನು ಸುಮತಿಯ ಮುಖ ನೋಡಿ, ಕಾಗದ ಒಳಗೆ ಎಲೆಯ ಹತ್ತಿರ ಉಂಟು ಎಂದೆ. ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಬಾಬುವಿನ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು. “ಅಪ್ಪ, ಅದು ನನ್ನ ಕಾಗದ” ಎಂದು ಹೇಳಿ ಬಾಗಿಲಿಗೆ ಹೊಡೆದಳು. ಒಳಗಿನಿಂದ ಒಂದು ಏಟು, ಹೊರಗಿನಿಂದ ಒಂದು ಏಟು. ಹಲಗೆ ಸೀಳಿ ಅವಳ ಕೈಗೆ ಚುಚ್ಚಿ ರಕ್ತ ಇಳಿಯುತ್ತಿತ್ತು, ನಿಲ್ಲಿಸಲಿಲ್ಲ. ಚಿಲಕ ಕಿತ್ತು ಬಿತ್ತು. ಸದ್ದು ನಿಂತಿತು.

ಒಳಗೆ ಯಾರೂ ಇರಲಿಲ್ಲ. ಕಿಟಕಿಯ ಸರಳು ಸರಿಯಾಗಿಯೇ ಇತ್ತು. ಕನ್ನಡಿ ಪುಡಿಯಾಗಿತ್ತು, ಕಪಾಟಿನ ಬಾಗಿಲು ಮುಷ್ಟಿಯಷ್ಟು ಮುಷ್ಟಿಯಷ್ಟು ತಗ್ಗಾಗಿತ್ತು, ಮಂಚ ಗೋಡೆಗೊರಗಿ ನೆಟ್ಟಗೆ ಎದ್ದು ನಿಂತಿತ್ತು. ಸಾರು ಸೀಲಿಂಗಿಗೆ ಹಾರಿತ್ತು. ಎಲೆ ನೂಲುನೂಲಾಗಿ ಹರಿದಿತ್ತು. ಕಾಗದ ಮಾತ್ರ ನಾನು ಇಟ್ಟಲ್ಲೇ ಇತ್ತು, ಒಂದು ಮಡಿಕೆಯೂ ಬಿದ್ದಿರಲಿಲ್ಲ. ಸಹಿ ಹಾಕುವ ಜಾಗದ ಹತ್ತಿರ ಒಂದು ಕೆಂಪು ಗುರುತು. ನನ್ನ ಯಜಮಾನರಿಗೆ ಅಕ್ಷರ ಬರುತ್ತಿರಲಿಲ್ಲ, ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುತ್ತಿದ್ದರು.

“ಒಪ್ಪಿದ್ದಾರೆ” ಎಂದೆ.

“ಸಾರು ಹಾರಿದ್ದು ಅತ್ತೆ” ಎಂದ ವಿಶ್ವನಾಥ.

“ಒಪ್ಪಿದವರು ಇಷ್ಟೆಲ್ಲ ಹೊಡಿತಾರಾ ಮಾರಾಯ್ರೆ” ಎಂದ ಬಾಬು.

ನನ್ನ ಹೆಬ್ಬೆರಳು ಇಟ್ಟು ಅಳೆಯೋಣವೆಂದು ಬಗ್ಗಿದೆ. ಅಷ್ಟರಲ್ಲಿ ಸುಮತಿ ಕಾಗದ ಎತ್ತಿಕೊಂಡು ಸೆರಗಿನಿಂದ ಆ ಗುರುತನ್ನು ತಿಕ್ಕಿ ಒರೆಸಿಬಿಟ್ಟಳು. “ಒಪ್ಪಿಗೆ ಕೇಳಿದ್ದು ಯಾರಮ್ಮ? ನಾನು ಕೇಳ್ಳಿಲ್ಲ.” ಗಾಜಿನ ಚೂರುಗಳ ನಡುವೆಯೇ ಕುಳಿತು ಸಹಿ ಹಾಕಿದಳು.

ಕೆಳಗಿನ ಮನೆಯ ಮಲಯಾಳಿಗಳನ್ನು ಕೇಳಿದೆವು. ಒಂದು ಸದ್ದೂ ಕೇಳಲಿಲ್ಲ ಎಂದರು. ಚಿಲಕ ತಾನಾಗಿ ಬೀಳುವಂಥದ್ದಲ್ಲ ಎಂದು ಬಾಬುವೇ ಹೇಳಿದ. ಅವರು ಬಂದದ್ದು ಹೌದೇ, ಬಂದಿದ್ದರೆ ತಡೆಯಲಿಕ್ಕೋ ಕಳಿಸಲಿಕ್ಕೋ, ಅದು ಹೆಬ್ಬೆಟ್ಟೋ ಸಾರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವರು ಹೇಳಬಹುದು.

ಗಾಜು ಗುಡಿಸಿ, ಗೋಡೆ ತೊಳೆಯುವಾಗ ಸಂಜೆಯಾಯಿತು. ಅಡುಗೆಮನೆಯ ಪಾತ್ರೆಯಲ್ಲಿ ಉಳಿದ ಕೋಳಿ ಬಿಸಿ ಮಾಡಿದೆ. ಬಾಬುವನ್ನೂ ಸೇರಿಸಿ ಎಲ್ಲರೂ ಹಾಲಿನಲ್ಲಿ ಕೆಳಗೆ ಕುಳಿತೆವು. ಆ ಮುರಿದ ಬಾಗಿಲಿಗೆ ಬೆನ್ನು ಹಾಕಲು ಯಾರಿಗೂ ಧೈರ್ಯವಾಗದೆ ಒಂದೇ ಗೋಡೆಗೆ ಒತ್ತಿಕೊಂಡು ಕುಳಿತೆವು, ಮಗು ನನ್ನ ಮಡಿಲಲ್ಲಿ. ಸುಮತಿ ಮಾತ್ರ ನಮ್ಮ ಎದುರಿಗೆ, ಬಾಗಿಲಿಗೆ ಬೆನ್ನು ಹಾಕಿ ಕುಳಿತು, ಬಟ್ಟೆ ಕಟ್ಟಿದ ಕೈಯಲ್ಲೇ ದೋಸೆ ಹರಿದು, ಮೂರು ಸಲ ಕೋಳಿ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡಳು.