ಕಾಣದಂತೆ ಹಾರಿದವನು

ಅಂಗಡಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಎಳೆದು ನೋಡುವ ಮನುಷ್ಯ ಅವನು. ಕನ್ನಡಕ ಮಾಡುವುದು ಅವನ ಕಸುಬು. ಗಿರಾಕಿ ಹಲಗೆಯ ಮೇಲಿನ ಅಕ್ಷರಗಳನ್ನು ಸರಾಗವಾಗಿ ಓದಿಬಿಟ್ಟರೆ, ಬಾಯಿಪಾಠ ಮಾಡಿಕೊಂಡು ಬಂದಿರಬೇಕೆಂದು ಹಲಗೆಯನ್ನೇ ಬದಲಿಸುತ್ತಿದ್ದ. ಗ್ಲೈಡರ್ ಕ್ಲಬ್ಬಿನವರು ಅವನನ್ನು ‘ಚಿಲಕ’ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವರು ಯಾರಿರಬಹುದು ಎಂಬ ವಿಷಯದಲ್ಲೂ ಅವನಿಗೆ ಒಂದಿಬ್ಬರ ಮೇಲೆ ಗುಮಾನಿಯಿತ್ತು.

ರಜೆ ಬಂತೆಂದರೆ ಚಿಲಕ ಹಾರಲು ಹೋಗುತ್ತಿದ್ದ. ಗ್ಲೈಡರಿಗೆ ಎಂಜಿನ್ ಇಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಸುತ್ತುತ್ತ ಮೇಲೇರಬೇಕು, ಅಲ್ಲಿಂದ ಜಾರುತ್ತ ಮುಂದಿನ ಬಿಸಿಗಾಳಿಯನ್ನು ಹಿಡಿಯಬೇಕು. ಗಾಳಿ ಏಳುವ ಜಾಗ ಬಲ್ಲವನೇ ದೂರ ಹೋಗುವವನು. ಚಿಲಕನಿಗೆ ಅಂಥದ್ದೊಂದು ಜಾಗ ಗೊತ್ತಿತ್ತು: ಗುಡ್ಡದಾಚೆ, ಕೈಬಿಟ್ಟ ಕಲ್ಲುಕ್ವಾರಿ. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಆದರೆ ಈಚೆಗೆ ಹಿಂತಿರುಗಿ ನೋಡಿದಾಗಲೆಲ್ಲ ದೂರದಲ್ಲೊಂದು ಬಿಳಿ ರೆಕ್ಕೆ ಕಾಣುತ್ತಿತ್ತು. ಅದು ಹೆಂಡತಿಯ ತಮ್ಮನದು. ಕಾರು ಓಡಿಸಲು ಕಲಿಸುವ ಆಸಾಮಿ. ಮಾತು ಕಡಿಮೆ, ನಗು ಜಾಸ್ತಿ. ಆ ನಗುವೇ ಚಿಲಕನಿಗೆ ಆಗಿಬರುತ್ತಿರಲಿಲ್ಲ.

ಆ ವರ್ಷ ಪಕ್ಕದ ಕ್ಲಬ್ಬಿನ ಎರಡು ಗ್ಲೈಡರುಗಳು ಆಕಾಶದಲ್ಲೇ ಒಂದಕ್ಕೊಂದು ತಾಗಿ ಒಬ್ಬ ಸತ್ತ. ಹೆಂಡತಿ ಪಟ್ಟು ಹಿಡಿದಳು.

“ಬೇರೆಯವರು ಹತ್ತಿರ ಬಂದ್ರೆ ಕೂಗೋ ಪೆಟ್ಟಿಗೆ ಹಾಕಿಸಿ. ನೀವೆಲ್ಲಿದ್ದೀರಿ ಅಂತ ಮನೇಲಿ ತೋರಿಸೋದನ್ನೂ ಹಾಕಿಸಿ. ಇಲ್ದಿದ್ರೆ ಹಾರೋದು ಬೇಡ.”

ಇವಳು ಮನೆಯಲ್ಲಿ ಕೂತು ನೋಡುವುದು, ತಮ್ಮನಿಗೆ ಹೇಳುವುದು, ಅವನು ಬಂದು ತನ್ನ ಕ್ವಾರಿಯ ಮೇಲೆ ಗಿರಕಿ ಹೊಡೆಯುವುದು — ಚಿಲಕನ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು.

ಉಪಕರಣದ ಅಂಗಡಿಯಲ್ಲಿ ಅವನು ಮಾರುವವಳ ತಲೆ ತಿಂದ. ಅಪಾಯ ಬಂದರೆ ಯಾವುದು ಕಾಪಾಡುತ್ತದೆಂದು ಒಮ್ಮೆಯೂ ಕೇಳಲಿಲ್ಲ. “ಇದರಲ್ಲಿ ನಾನು ಯಾರಿಗೆಲ್ಲ ಕಾಣ್ತೀನಿ?” ಎಂಬುದೊಂದೇ ಪ್ರಶ್ನೆ. ಡಿಕ್ಕಿ ತಪ್ಪಿಸುವ ಪೆಟ್ಟಿಗೆ ಸುತ್ತಲಿನ ಗ್ಲೈಡರುಗಳಿಗೆಲ್ಲ ಇವನ ಜಾಗ ತಿಳಿಸುತ್ತದಂತೆ. ಆದರೆ ತೀರ ಹತ್ತಿರ ಬರುವವರೆಗೆ ಮರೆಯಲ್ಲಿರುವ ಏರ್ಪಾಡೂ ಅದರಲ್ಲಿತ್ತು. ಸರಿ, ಅದು ಬರಲಿ. ಮನೆಗೆ ಜಾಗ ತೋರಿಸುವ ಟ್ರ್ಯಾಕರ್ ಬೇಡವೇ ಬೇಡ. ನೆಲಕ್ಕೆ ಬಡಿದರೆ ತಾನೇ ಕೂಗಿಕೊಳ್ಳುವ ಯಂತ್ರವೂ ಬೇಡ, ಒರಟಾಗಿ ಇಳಿದರೂ ಊರಿಗೆಲ್ಲ ಸಾರೀತು. ಗುಂಡಿ ಒತ್ತಿದಾಗ ಮಾತ್ರ ಉಪಗ್ರಹಕ್ಕೆ ಮೊರೆಯಿಡುವ ಪುಟ್ಟದೊಂದು ಅವನ ಮನಸ್ಸಿಗೆ ಹಿಡಿಸಿತು.

“ಒತ್ತೋಕೆ ಆಗದೆ ಇದ್ರೆ?” ಎಂದಳು ಹೆಂಡತಿ, ಅವನು ಮನೆಗೆ ತಂದದ್ದನ್ನು ನೋಡಿ.

“ಬೆರಳಿಗೇನು ಬಂದಿರುತ್ತೆ ರೋಗ?”

ಕ್ಲಬ್ಬಿನವರ ಕಣ್ಣಿಗೆ ಬೀಳದಿರಲೆಂದು ಆ ಪುಟ್ಟ ಯಂತ್ರವನ್ನು ಸೀಟಿನ ಹಿಂದೆ ಸಾಮಾನಿಡುವ ಗೂಡಿನಲ್ಲಿ ಭದ್ರವಾಗಿ ಕಟ್ಟಿದ. ಎಳೆದೂ ನೋಡಿದ. ತಾನು ಬೆಲ್ಟ್ ಬಿಗಿದುಕೊಂಡು ಕೂತಾಗ ಅದು ಕೈಗೆ ಎಟುಕುತ್ತದೆಯೇ ಎಂದು ಮಾತ್ರ, ಎಲ್ಲವನ್ನೂ ಎರಡೆರಡು ಸಲ ನೋಡುವ ಆ ಪುಣ್ಯಾತ್ಮ, ಒಂದು ಸಲವೂ ನೋಡಲಿಲ್ಲ.

ಮುಂದಿನ ರಜೆಯಲ್ಲಿ ಕ್ವಾರಿಯ ಮೇಲೆ ಮೋಡದ ನೆರಳಿತ್ತು. ಗಾಳಿ ಏಳಲಿಲ್ಲ. ಇಳಿಯದೆ ಗತಿಯಿರಲಿಲ್ಲ. ಹುಲ್ಲಿನಲ್ಲಿ ಅಡಗಿದ್ದ ಕಲ್ಲಿಗೆ ಚಕ್ರ ಬಡಿದು ಗ್ಲೈಡರ್ ಗಿರ್ರನೆ ತಿರುಗಿ ನಿಂತಿತು. ಬಲಭುಜ ಕಳಚಿಹೋಗಿತ್ತು, ಪಾದ ಪೆಡಲಿನಡಿ ಸಿಕ್ಕಿಕೊಂಡಿತ್ತು. ಆ ಏಟಿಗೆ ರೇಡಿಯೊ ಸತ್ತುಹೋಗಿತ್ತು. ಗುಡ್ಡ ಅಡ್ಡವಾಗಿ ಫೋನಿಗೆ ಸಿಗ್ನಲ್ ಇರಲಿಲ್ಲ. ಎಡಗೈಯನ್ನು ಹಿಂದಕ್ಕೆ ಚಾಚಿದ. ಬೆರಳ ತುದಿಗೆ ಗೂಡಿನ ಅಂಚು ಸಿಕ್ಕಿತೇ ಹೊರತು ಗುಂಡಿ ಸಿಗಲಿಲ್ಲ. ಈ ಭೂಮಿಯ ಮೇಲೆ ತಾನೆಲ್ಲಿದ್ದೇನೆಂದು ಒಂದು ನರಪಿಳ್ಳೆಗೂ ಗೊತ್ತಿಲ್ಲ ಎಂಬುದು ಆಗ ಹೊಳೆಯಿತು. ಅದಕ್ಕಾಗಿ ಪಟ್ಟ ಪಾಡೆಲ್ಲ ನೆನಪಾಗಿ ಅವನಿಗೆ ನಿಜಕ್ಕೂ ಭಯವಾಯಿತು.

ಆಗ ತಲೆಯ ಮೇಲೆ ಸುಂಯ್ ಎಂಬ ಸದ್ದಾಯಿತು. ಬಿಳಿ ರೆಕ್ಕೆ ಒಂದು ಸುತ್ತು ಹಾಕಿ, ಕಲ್ಲುಗಳನ್ನು ತಪ್ಪಿಸಿಕೊಂಡು ಅದೇ ಹುಲ್ಲಿನಲ್ಲಿ ಇಳಿಯಿತು. ಹೆಂಡತಿಯ ತಮ್ಮ ಓಡಿ ಬಂದು ಬೆಲ್ಟ್ ಬಿಚ್ಚಿದ.

“ಮೇಲಿಂದಲೇ ರೇಡಿಯೊದಲ್ಲಿ ಹೇಳಿದ್ದೀನಿ ಭಾವ. ಜನ ಬರ್ತಿದ್ದಾರೆ. ಅಲ್ಲಾಡಬೇಡಿ.”

ಚಿಲಕನಿಗೆ ಆ ನೋವಿನಲ್ಲೂ ಕೇಳದೆ ಇರಲಾಗಲಿಲ್ಲ. “ನೀನು ನನ್ನ ಹಿಂದೇನೇ ಬರ್ತಿದ್ದೆ, ಅಲ್ವಾ?”

“ಹೌದು. ನೀವು ದೂರ ಹೋಗೋಕೆ ಶುರು ಮಾಡಿದಾಗಿನಿಂದ. ಅಕ್ಕ ಹೇಳಿದ್ಲು, ಕಣ್ಣಳತೇಲಿ ಇರು ಅಂತ.” ಅವನು ನೀರಿನ ಬಾಟಲಿಯನ್ನು ಭಾವನ ಬಾಯಿಗೆ ಹಿಡಿದ. “ಪೆಟ್ಟಿಗೆ ಬಂದ ಮೇಲೆ ನನಗೆ ಬಿಡುಗಡೆ, ನಾನೂ ಎಲ್ಲಾದ್ರೂ ದೂರ ಹೋಗ್ಬಹುದು ಅಂದ್ಕೊಂಡಿದ್ದೆ. ನೋಡಿದ್ರೆ ನನ್ನ ಪೆಟ್ಟಿಗೆಯ ಪರದೇಲಿ ನೀವು ಕಾಣ್ಲೇ ಇಲ್ಲ. ಮತ್ತೆ ಹಿಂದೆ ಬಂದೆ.”

ನಾಚಿಕೆಯಿಂದ ಚಿಲಕನ ಕಿವಿ ಬಿಸಿಯಾಯಿತು. ಆಮೇಲೆ ಗದ್ದದಿಂದ ಪೆಟ್ಟಿಗೆಯ ಕಡೆ ತೋರಿಸಿದ.

“ಆ ಮರೆಯಾಗೋ ಏರ್ಪಾಡು ತೆಗೆದುಬಿಡು. ನನ್ನ ಬಲಗೈ ಆಡ್ತಿಲ್ಲ.”

“ಇನ್ಮೇಲೆ ನೀವು ಇಲ್ಲೇ ಗಾಳಿ ಹಿಡಿಯೋದು ಕ್ಲಬ್ಬಿನವರಿಗೆಲ್ಲ ಗೊತ್ತಾಗುತ್ತೆ.”

“ಆಗಲೇ ಗೊತ್ತಿರುತ್ತಲ್ಲ. ನೀನು ಪ್ರತಿ ಸಲ ನೋಡ್ತಿದ್ದೀಯ.”

“ನಾನು ನೋಡಿದ್ದೀನಿ,” ಎಂದ ಅವನು, ಪೆಟ್ಟಿಗೆಯ ಗುಂಡಿ ಒತ್ತುತ್ತ. “ಯಾರಿಗೂ ಹೇಳಿಲ್ಲ. ಅಕ್ಕನಿಗೂ ಹೇಳಿಲ್ಲ.”