ಪರದೆಯಲ್ಲಿ ಗಂಜಿ, ಡಬ್ಬಿಯಲ್ಲಿ ಬಿಸಿಬೇಳೆಬಾತ್

ನಾನು ಬರೆದ ಮೊದಲ ಪ್ರೋಗ್ರಾಂ, ಲಾಕ್‌ಡೌನಿನಲ್ಲಿ ಐರಿಷ್ ಊರಾದ ಬ್ಲಾಂಚರ್ಡ್ಸ್‌ಟೌನಿನ ನಮ್ಮ ಕನ್ನಡದವರಿಗಾಗಿ ಮಾಡಿದ ಊಟದ ವೆಬ್‌ಪೇಜು. ಆಫೀಸಿನಲ್ಲಿ ಬೇರೆಯವರ ಕೋಡಿನ ತಪ್ಪು ಹಿಡಿಯುವುದೇ ನನ್ನ ಕೆಲಸ. ಸ್ವಂತದ್ದೊಂದು ಬರೆದೆನೆಂಬ ಹಿಗ್ಗಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಡಿಗೆ ಕೋಣೆಗಳಲ್ಲಿ ಒಂಟಿಯಾಗಿದ್ದ ನಮ್ಮ ಕಡೆಯ ಡಾಕ್ಟರುಗಳಿಗೆ ಊಟ ಕಳಿಸುತ್ತಿದ್ದೆವು. ಕೋಡಿನಲ್ಲಿ ಒಬ್ಬೊಬ್ಬರಿಗೂ ಒಂದು ಆಬ್ಜೆಕ್ಟ್, ಅಂದರೆ ಅವರ ಹೆಸರಿನ ಖಾನೆಯಂಥದ್ದು; ಅವರಿಗೇನು ಕಳಿಸಬೇಕೆಂದು ಹೇಳಲು ಅದಕ್ಕೆ ‘ಊಟ’ ಎಂಬ ಪ್ರಾಪರ್ಟಿ. ಅಡುಗೆ ಮೈಸೂರಿನ ಆಂಟಿಯೊಬ್ಬರದು. ಮಗಳ ಬಾಣಂತನಕ್ಕೆ ಬಂದವರು, ವಿಮಾನ ನಿಂತು ಇಲ್ಲೇ ಉಳಿದಿದ್ದರು. ನನ್ನ ಪೇಜು ನೋಡಿ ಡಬ್ಬಿ ತುಂಬುತ್ತಿದ್ದರು. ಅಳಿಯ ಹೊಸ್ತಿಲಲ್ಲಿಟ್ಟು ಬರುತ್ತಿದ್ದರು.

ಪಕ್ಕದ ಬೀದಿಯ ಡಾಕ್ಟರ್ ಹುಡುಗಿಗೆ ಕೊರೋನಾ ಬಂತು. ಜ್ವರ, ಬಾಯಿಗೆ ರುಚಿಯೇ ಇಲ್ಲ, ಗಂಟಲಲ್ಲಿ ಖಾರ ಇಳಿಯುತ್ತಿಲ್ಲ. “ಅಕ್ಕ, ಗಂಜಿ ಸಿಗುತ್ತಾ?” ಎಂದಳು. ತಕ್ಷಣ ಬದಲಿಸಿದೆ. ‘ಊಟ: ಗಂಜಿ’ ಎಂದು ಪರದೆ ಹೇಳಿತು. ಎರಡು ದಿನ ಬಿಟ್ಟು ಫೋನ್ ಮಾಡಿದೆ.

“ಗಂಜಿ ಹೆಂಗಿತ್ತಮ್ಮ?”

“ಸೂಪರಾಗಿತ್ತು ಅಕ್ಕ. ಹಿತವಾಗಿತ್ತು.” ದನಿ ಮಾತ್ರ ಬಾವಿಯೊಳಗಿಂದ ಬಂದಂತಿತ್ತು.

ಹೊಗಳಿಕೆ ಮುಟ್ಟಿಸೋಣವೆಂದು ಆಂಟಿಗೆ ಫೋನಾಯಿಸಿದೆ.

“ಯಾವ ಗಂಜಿ? ನಾನ್ ಕಳಿಸ್ತಿರೋದು ಬಿಸಿಬೇಳೆಬಾತ್. ನಿನ್ನ ಪೇಜಲ್ಲಿ ಅದೇ ಇದ್ಯಲ್ಲಮ್ಮ!”

ನಮ್ಮವರ ಸಂಕೋಚಕ್ಕಿಷ್ಟು ಬೆಂಕಿ ಹಾಕ! ಕಳಿಸಿದವರಿಗೆ ಬೇಜಾರಾದೀತೆಂದು ಆ ಹುಡುಗಿ, ಮುಟ್ಟಲೂ ಆಗದ ಡಬ್ಬಿಯನ್ನು ಹೊಗಳುತ್ತಾ ಉಪವಾಸ ಬಿದ್ದಿದ್ದಳು. ಈ ಊರಿನವರು ‘ಚೆನ್ನಾಗಿದೆ’ ಎನ್ನಲು ಬಳಸುವ ‘ಗ್ರ್ಯಾಂಡ್’ ಬೇರೆ ನಮ್ಮ ನಾಲಗೆಗೆ ಅಂಟಿತ್ತು. ಏನು ಕೇಳಿದರೂ ಗ್ರ್ಯಾಂಡ್.

“ಆಂಟಿ, ಈಗ್ಲೇ ಗಂಜಿಗಿಡಿ!” ಎಂದು ಕಿರುಚಿ ಕೋಡ್ ತೆರೆದೆ. ಸಿಕ್ಕೇ ಸಿಕ್ಕಿತು! ಊಟ ಬದಲಿಸುವ ಫಂಕ್ಷನ್ನಿನಲ್ಲಿ ‘ಊಟ’ಕ್ಕೆ ಮೊದಲು, ‘ಇವಳದು’ ಎಂದು ತೋರಿಸುವ ‘ದಿಸ್’ ಎಂಬ ಪುಟ್ಟ ಪದವೇ ಇರಲಿಲ್ಲ. ಅದಿಲ್ಲದೆ ಬರೆದದ್ದು ಆಬ್ಜೆಕ್ಟಿಗೆ ಸೇರುವುದಿಲ್ಲ. ಅದೇ ಹೆಸರಿನ ಲೋಕಲ್ ವೇರಿಯಬಲ್ ಎಂಬ ತಾತ್ಕಾಲಿಕ ಖಾನೆಯೊಂದು ಹುಟ್ಟಿ, ಗಂಜಿ ಹಿಡಿದುಕೊಂಡು, ನನಗೆ ಪರದೆಯಲ್ಲಿ ಮುಖ ತೋರಿಸಿ, ಫಂಕ್ಷನ್ ಮುಗಿದೊಡನೆ ಮಾಯವಾಗಿತ್ತು. ಹುಡುಗಿಯ ಹೆಸರು ಕೆತ್ತಿದ ಡಬ್ಬಿ ಬಿಟ್ಟು ಪಕ್ಕದ ಪಾತ್ರೆಗೆ ಗಂಜಿ ಸುರಿದು, ಆಮೇಲೆ ಅದನ್ನು ತೊಳೆದಿಟ್ಟ ಹಾಗೆ. ‘ದಿಸ್’ ಸೇರಿಸಿ ಪೇಜು ಮತ್ತೆ ತೆರೆದೆ. ಗಂಜಿ! ಇದ್ದಲ್ಲೇ ಕುಣಿದುಬಿಟ್ಟೆ.

ಆಂಟಿಯ ಬಾಗಿಲಿಂದ ಬಿಸಿ ಡಬ್ಬಿ ಎತ್ತಿಕೊಂಡು ಓಡಿದೆ. ಹುಡುಗಿಯ ಹೊಸ್ತಿಲಲ್ಲಿಟ್ಟು, ಬೆಲ್ ಒತ್ತಿ, ಗೇಟಿನಾಚೆ ನಿಂತು ಕೂಗಿದೆ: “ಇನ್ಮೇಲೆ ಚೆನ್ನಾಗಿಲ್ಲಾಂದ್ರೆ ಚೆನ್ನಾಗಿಲ್ಲ ಅನ್ಬೇಕು, ಗೊತ್ತಾಯ್ತಾ?” ಮೇಲಿನ ಕಿಟಕಿಯಲ್ಲಿ ಮಾಸ್ಕಿನ ಮುಖ ತಲೆಯಾಡಿಸಿತು.

ದಿನವೂ ಗಂಜಿ ಹೋಯಿತು. ಜ್ವರ ಇಳಿಯಿತು. ರುಚಿ ಮಾತ್ರ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

“ಅಕ್ಕ, ಬೇಜಾರು ಮಾಡ್ಕೋಬೇಡಿ. ಇವತ್ತು ಗಂಜಿಗೆ ಉಪ್ಪು ಜಾಸ್ತಿ ಆಗಿದೆ.”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಂಟಿಗೆ ವಿಡಿಯೋ ಕಾಲ್ ಹಚ್ಚಿ, “ಆಂಟಿ, ಉಪ್ಪು ಜಾಸ್ತಿ ಆಗಿದ್ಯಂತೆ!” ಎಂದು ಕೂಗಿದೆ.

“ಹೌದಾ? ಅವಳೇ ಹೇಳಿದ್ಲಾ?” ಎಂದ ಆಂಟಿ, ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾ ಮಗಳನ್ನು ಕರೆದು ಅದನ್ನೇ ಹೇಳತೊಡಗಿದರು.