ಬಂಗಾರಮ್ಮ ಸೇವ್ ಮಾಡದ ಬರಹ

ಭದ್ರಾವತಿಯ ಕಾಗದನಗರದ ಬಂಗಾರಮ್ಮ ರವಿಕೆ ಹೊಲಿಯುವುದರಲ್ಲಿ ಹೆಸರುವಾಸಿ. ಕತೆ ಬರೆಯುತ್ತಾಳೆಂಬುದು ಗಿರಾಕಿಗಳಿಗೆ ಅಷ್ಟಾಗಿ ಗೊತ್ತಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಹೊಲಿಗೆ ಮಿಷನ್ನಿನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಆನ್‌ಲೈನ್ ಪುಟ ತೆರೆಯುವುದು ಅವಳ ರೂಢಿ. ಆ ಪುಟ ಮಾಡಿಕೊಟ್ಟವಳು ಶಿವಮೊಗ್ಗದ ದುರ್ಗಿಗುಡಿಯ ಗೆಳತಿ ಸಂಧ್ಯಾ, ನಿವೃತ್ತ ಕನ್ನಡ ಮೇಡಂ. ಇಲ್ಲಿ ಬಂಗಾರಮ್ಮ ಬರೆದದ್ದು ಬರೆಯುತ್ತಿರುವಾಗಲೇ ಅಲ್ಲಿ ಅವಳಿಗೆ ಕಾಣುತ್ತಿತ್ತು. ಕಂಡ ಮೇಲೆ ಸುಮ್ಮನಿರುವ ಜೀವವೇ ಅದು? ಸಂಧ್ಯಾ ಎಂಬ ಹೆಸರು ಹೊತ್ತ ಹಸಿರು ಗೆರೆಯೊಂದು ಸಾಲಿನ ತುದಿಗೆ ಬಂದು ಕೂರುತ್ತಿತ್ತು, ತಿದ್ದುತ್ತಿತ್ತು, ನಡುವೆ "ಊಟ ಆಯ್ತಾ ಮಾರಾಯ್ತಿ?" ಎಂದೂ ಕೇಳುತ್ತಿತ್ತು. ಇಬ್ಬರೂ ಫೋನ್ ಮಾಡುವುದನ್ನೇ ಬಿಟ್ಟಿದ್ದರು.

ಆದರೆ ಒಂದು ಬರಹ ಮಾತ್ರ ಆ ಪುಟದಲ್ಲಿ ಮುಂದೆ ಸಾಗಲಿಲ್ಲ. ಬಂಗಾರಮ್ಮನ ಚೊಚ್ಚಲ ಮಗಳು ತೊಟ್ಟಿಲ ಶಾಸ್ತ್ರಕ್ಕೂ ಮೊದಲೇ ತೀರಿಕೊಂಡಿದ್ದಳು. ಹೆಸರಿಡದೆ ಹೋದ ಕೂಸಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಗಂಡ ಬೀರಪ್ಪ ಕೂಡ. ಈಗ ಅರವತ್ತು ದಾಟಿದ ಮೇಲೆ ಅವಳಿಗೆ ಅದನ್ನು ಬರೆದೇ ತೀರಬೇಕು ಅನ್ನಿಸಿತು. ಎರಡು ಪದ ಬರೆಯುವಷ್ಟರಲ್ಲಿ ಹಸಿರು ಗೆರೆ ಹಾಜರ್. ಬಂಗಾರಮ್ಮ ಅಳಿಸಿ, ಉಪ್ಪಿನಕಾಯಿಯ ಬಗ್ಗೆ ಏನೋ ಗೀಚುವಳು. ಬರಬೇಡ ಎಂದು ಗೆಳತಿಗೆ ಹೇಳಲು ಬಾಯಿ ಬಾರದು.

"ಬರೆಯೋಕೆ ಯಾರೂ ನುಗ್ಗದ ಜಾಗ ಒಂದು ಬೇಕು ಕಣೆ," ಎಂದಳು, ರವಿಕೆ ಒಯ್ಯಲು ಬಂದ ಪಕ್ಕದ ಮನೆಯ ಕವನಾಳಿಗೆ.

"ಇದ್ರಲ್ಲಿ ಬರೀ ಅಕ್ಷರ ಆಂಟಿ. ಬಣ್ಣ ಇಲ್ಲ, ನೆಟ್ಟೂ ಬೇಡ," ಎಂದು ಕವನಾ ಬಿಳಿ ಕಿಟಕಿಯೊಂದನ್ನು ತೆರೆದುಕೊಟ್ಟಳು. ಬೋಳು ಅಂದರೆ ಬೋಳು. ಬಂಗಾರಮ್ಮನಿಗೆ ಹಾಯೆನಿಸಿತು. ಆ ವಾರವೆಲ್ಲ ಬರೆದಳು, ಅತ್ತಳು, ಲ್ಯಾಪ್‌ಟಾಪ್ ಮಡಚಿಟ್ಟು ಎದ್ದಳು.

ಅತ್ತ ದುರ್ಗಿಗುಡಿಯಲ್ಲಿ ಹಳೆಯ ಪುಟ ಅಲುಗಾಡದೆ ಬಿದ್ದಿತ್ತು. ಉಪ್ಪಿನಕಾಯಿಯನ್ನು ತಾನು ಅತಿಯಾಗಿ ತಿದ್ದಿದೆ, ಅದಕ್ಕೇ ಮುನಿದಿದ್ದಾಳೆ ಎಂದುಕೊಂಡಳು ಸಂಧ್ಯಾ. ಫೋನ್ ಮಾಡಲು ಅಳುಕಿ ಭದ್ರಾವತಿ ಬಸ್ಸನ್ನೇ ಹತ್ತಿದಳು.

"ಸಿಟ್ಟಾ ನನ್ ಮೇಲೆ?" ಬಾಗಿಲಲ್ಲೇ ಕೇಳಿದಳು.

"ಸಿಟ್ಟಲ್ಲ ಮಾರಾಯ್ತಿ. ಇದನ್ನ ಒಬ್ಳೇ ಬರೀಬೇಕಿತ್ತು." ಬಂಗಾರಮ್ಮ ಲ್ಯಾಪ್‌ಟಾಪ್ ತೆರೆದು ತೋರಿಸಿದಳು.

ಸಂಧ್ಯಾ ಓದುವ ಮೊದಲೇ ಗಾಬರಿಯಾದಳು. "ಸೇವ್ ಮಾಡೇ ಇಲ್ವಲ್ಲೇ. ಬ್ಯಾಟರಿ ಬೇರೆ ಮುಗೀತಾ ಬಂತು. ಆಫ್ ಆದ್ರೆ ಎಲ್ಲಾ ಹೋಗತ್ತೆ."

"ತಾನಾಗೇ ಆಗಲ್ವಾ?"

"ಅಲ್ಲಿ ಆಗ್ತಿತ್ತು. ಇಲ್ಲಿ ನಾವೇ ಮಾಡ್ಬೇಕು." ಅವಸರದಲ್ಲಿ ಸಂಧ್ಯಾ ಗುಂಡಿ ಒತ್ತಿದಳು. ಚೌಕವೊಂದು ತೆರೆದು ಹೆಸರು ಕೇಳಿತು. "ಏನಂತ ಇಡ್ಲಿ?"

ಬಂಗಾರಮ್ಮ ಅವಳ ಕೈಯನ್ನು ಮೆಲ್ಲಗೆ ಸರಿಸಿದಳು. ಕೂಸಿನ ಮುಖ ಕಂಡ ದಿನವೇ ಮನಸ್ಸಿನಲ್ಲಿ ಆರಿಸಿ, ಯಾರೆದುರೂ ಬಾಯಿಬಿಡದೆ ಇಟ್ಟುಕೊಂಡಿದ್ದ ಹೆಸರನ್ನು ಒಂದೇ ಬೆರಳಿನಲ್ಲಿ ಒತ್ತಿದಳು. ವಾಣಿ.

"ಯಾರೇ ವಾಣಿ?"

"ನಮ್ಮ ಮೊದಲ್ನೇ ಮಗಳು."

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಬೀರಪ್ಪನಿಗೂ ಅದು ಕೇಳಿಸಿತು. ಎದ್ದು ಬಂದು ಬಾಗಿಲು ಹಿಡಿದು ನಿಂತ. "ವಾಣಿ," ಎಂದು ತಾನೂ ಒಮ್ಮೆ ಅಂದು ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡ.

"ಓದು, ನಾನೂ ಕೇಳ್ತೀನಿ."